ಹನ್ನೊಂದು ಪುಟ, ಒಂದೇ ತಪ್ಪು

"ಇಲ್ಲಿ ತಪ್ಪಿದೆ," ಎಂದು ನಕಲಮ್ಮ ಹಾಳೆಯ ಮೇಲೆ ಬೆರಳಿಟ್ಟರು.

ವರದಿ ಬರೆಯಲು ಪೆನ್ನಿನ ಮುಚ್ಚಳ ತೆಗೆದಿದ್ದ ಇನ್ಸ್‌ಪೆಕ್ಟರ್ ತಲೆ ಎತ್ತಿದರು. ಮೂರು ದಿನದ ಗಡ್ಡ, ಮೂರು ದಿನದ ಸುಸ್ತು.

"ಅಮ್ಮಾ, ಬೆಳಗ್ಗೆಯಿಂದ ಇದು ಮೂರನೇ ಸಲ ಬರ್ತಿದೀರಿ. ಮೊದಲ ಸಲ ಕೂತ್ಕೊಳ್ಳಿ ಅಂದೆ. ಎರಡನೇ ಸಲ ಟೀ ಕೊಡಿಸಿದೆ. ಈಗೇನು, ಹಾಸಿಗೆ ಹಾಸ್ಲಾ?"

"ಹಾಸಿಗೆ ಬೇಡ. ಕನ್ನಡಕ ಹಾಕ್ಕೊಂಡು ಇಲ್ಲಿ ನೋಡಿ."

ವಾದ್ಯವೃಂದಕ್ಕೆ ಕೃತಿ ಬರೆದುಕೊಡುವ ಮೇಷ್ಟ್ರು ಕಾಣೆಯಾಗಿ ಅಂದಿಗೆ ಮೂರು ದಿನ. ಕಾಲುವೆ ಸೇತುವೆಯ ಕಟಕಟೆಯ ಮೇಲೆ ಅವರ ಕೋಟು, ಮನೆಯ ಮೇಜಿನ ಮೇಲೆ ಅವರು ಬರೆದ ಈ ಹನ್ನೊಂದು ಪುಟದ ಪುಟ್ಟ ವಾದ್ಯಕೃತಿ. ಸಿಕ್ಕಿದ್ದು ಇವೆರಡೇ.

ಎರಡು ಸಲ ಪೊಲೀಸರು ನಕಲಮ್ಮನಿಗೆ ಮಸುಕು ಮಸುಕಾದ ಫೋಟೋ ಪ್ರತಿ ತೋರಿಸಿ ಸಾಗಹಾಕಿದ್ದರು. ಮೂರನೇ ಸಲ ಆಕೆ ಬೆಂಚಿನ ಮೇಲೆ ಕೂತು, ಮೂಲ ಹಾಳೆ ನೋಡದೆ ಜಪ್ಪಯ್ಯ ಅಂದರೂ ಏಳುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಐವತ್ತು ದಾಟಿದ ಹೆಂಗಸು, ಕುಳ್ಳಗೆ, ಬೆರಳ ತುದಿಯಲ್ಲಿ ತೊಳೆದರೂ ಹೋಗದ ಶಾಯಿ. ವಾದ್ಯವೃಂದದಲ್ಲಿ ಎಲ್ಲರೂ ಕರೆಯುವುದು ನಕಲಮ್ಮ ಎಂದೇ. ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಶಾಯಿಯಲ್ಲಿ ಶುದ್ಧಪ್ರತಿ ಮಾಡುವುದು, ಆಮೇಲೆ ಒಬ್ಬೊಬ್ಬ ವಾದಕರ ಸಾಲನ್ನೂ ಬೇರೆ ಬೇರೆ ಹಾಳೆಗೆ ಇಳಿಸಿ ಅವರವರ ಕೈಗೆ ಕೊಡುವುದು ಇಪ್ಪತ್ತೆರಡು ವರ್ಷದಿಂದ ಆಕೆಯ ಕೆಲಸ.

ಇನ್ಸ್‌ಪೆಕ್ಟರ್ ಕನ್ನಡಕ ಹಾಕಿಕೊಂಡರು. ನೋಡಿದ್ದು ಮಾತ್ರ ಹಾಳೆಯ ನೆತ್ತಿಯನ್ನು. ಅಲ್ಲಿದ್ದುದನ್ನು ಅವರು ಬಾಯಿಪಾಠ ಮಾಡಿಬಿಟ್ಟಿದ್ದರು.

"ಡಿ ಮೈನರ್. ಬಹಳ ನಿಧಾನ, ನಿಮಿಷಕ್ಕೆ ನಲವತ್ತು ಎಣಿಕೆ. ಶೋಕದಿಂದ, ವಿದಾಯ ಹೇಳುವ ಹಾಗೆ. ಇನ್ನೇನು ಬೇಕಮ್ಮಾ? ನನಗೆ ಸಂಗೀತ ಬರಲ್ಲ, ಓದೋಕೆ ಬರುತ್ತೆ. ಮನುಷ್ಯ ಚೀಟಿ ಬರೆದಿಡೋ ಬದಲು ಹಾಡು ಬರೆದಿಟ್ಟು ಹೋಗಿದಾರೆ."

"ಆ ಮೂರು ಮಾತು ಅವರು ಯಾವತ್ತೂ ಬರೆಯಲ್ಲ."

"ಕೈಬರಹ ಅವರದ್ದೇ ಅಂತ ನೀವೇ ಹೇಳಿದ್ರಲ್ಲ?"

"ಕೈ ಅವರದ್ದೇ. ಮನಸ್ಸು ಅವರದ್ದಲ್ಲ."

ನಕಲಮ್ಮ ಕುರ್ಚಿ ಎಳೆದುಕೊಂಡು ಕೂತರು. ಕೂರಿ ಎಂದು ಯಾರೂ ಹೇಳಿರಲಿಲ್ಲ.

"ಕೇಳಿ. ಮೇಷ್ಟ್ರು ಹಾಳೆಯ ತಲೆಯನ್ನ ಖಾಲಿ ಬಿಡ್ತಾರೆ. ಎಲ್ಲ ಬರೆದು ಮುಗಿಸಿದ ಮೇಲೆ ನನ್ನನ್ನ ಕರೀತಾರೆ. ನಾನು ಮೇಜಿನ ಈ ಕಡೆ ಕೂತು ಕೇಳ್ತೀನಿ: ಶ್ರುತಿ ಯಾವುದು? ವೇಗ ಎಷ್ಟು? ಭಾವ ಏನು? ಅವರು ಕಿಟಕಿ ಹತ್ತಿರ ನಿಂತು ಹೇಳ್ತಾರೆ, ನಾನು ಬರ್ಕೋತೀನಿ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ತಪ್ಪಿಲ್ಲ. ಸ್ವರ ನೋಡಿದರೆ ಗೊತ್ತಾಗಬೇಕು, ನೆತ್ತಿ ಮೇಲೆ ಬೋರ್ಡು ಯಾಕೆ ಅನ್ನೋರು ಅವರು."

"ಸಾಯೋಕೆ ಹೊರಟವರು ನಿಮ್ಮನ್ನ ಕರೆದು, ಬಾಮ್ಮಾ, ಭಾವ ಶೋಕ ಅಂತ ಬರ್ಕೋ ಅಂತಾರಾ?"

ಮಾತು ನೇರ ಎದೆಗೆ ಬಿತ್ತು. ಆದರೆ ಕಣ್ಣೀರು ಹಾಕುವ ಸಮಯ ಇದಲ್ಲ ಎಂದು ನಕಲಮ್ಮನಿಗೆ ಗೊತ್ತಿತ್ತು. ನಾಲ್ಕು ಗಂಟೆಗೆ ಕಾಲುವೆಯಲ್ಲಿ ಮುಳುಗಿ ಹುಡುಕುತ್ತಿದ್ದವರು ಮೇಲೆ ಬರುತ್ತಾರೆ. ಇನ್ಸ್‌ಪೆಕ್ಟರ್ ವರದಿಗೆ ಸಹಿ ಹಾಕುತ್ತಾರೆ, ಫೈಲು ಕಪಾಟು ಸೇರುತ್ತದೆ. ಆಮೇಲೆ ಮೇಷ್ಟ್ರು ಎಲ್ಲೋ ಒಂದು ಕಡೆ ಉಸಿರಾಡುತ್ತಲೇ ಇದ್ದರೂ, ಹುಡುಕುವವರು ಈ ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ. ಗೋಡೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಆಕೆ ಮೊದಲ ಪುಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಪ್ರತಿ ಸಾಲಿನ ಶುರುವಿನಲ್ಲಿ ಒಂದು ಗುರುತಿದೆ, ಕಾಣ್ತಾ? ಇದು ಇಳಿ ಗುರುತು, ಸ್ವರವನ್ನ ಒಂದು ಚೂರು ಇಳಿಸೋದು. ಒಂದೇ ಒಂದು ಇಳಿ ಇದ್ದರೆ ಡಿ ಮೈನರ್. ಈಗ ಅದರ ಪಕ್ಕ ನೋಡಿ. ಕಾಗದದ ಮೇಲೆ ತಗ್ಗು."

ಇನ್ಸ್‌ಪೆಕ್ಟರ್ ಬಗ್ಗಿದರು. ರಬ್ಬರಿನಲ್ಲಿ ಉಜ್ಜಿದ ಜಾಗ ಸ್ವಲ್ಪ ಒರಟಾಗಿತ್ತು. ಅದರಡಿ ಪೆನ್ಸಿಲ್ ಒತ್ತಿದ ಎರಡು ಪುಟ್ಟ ಅಚ್ಚುಗಳು.

"ಏರು ಗುರುತು, ಎರಡು. ಅಂದ್ರೆ ಮೊದಲು ಇದು ಡಿ ಮೇಜರ್ ಆಗಿತ್ತು. ಮೈನರ್ ಅಂದ್ರೆ ತಲೆ ತಗ್ಗಿಸಿ ನಡೆಯೋದು ಅಂತಿಟ್ಕೊಳ್ಳಿ. ಮೇಜರ್ ಅಂದ್ರೆ ಎದೆ ಎತ್ತಿ ನಡೆಯೋದು. ಸ್ವರಗಳನ್ನ ಇದ್ದಲ್ಲೇ ಬಿಟ್ಟು ಈ ಗುರುತು ಬದಲಾಯಿಸಿದರೆ ಸಾಕು, ಇಡೀ ಕೃತಿ ಅಳೋಕೆ ಶುರು ಮಾಡುತ್ತೆ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತಲ್ಲಮ್ಮಾ. ಮೊದಲು ಖುಷಿಯಾಗಿ ಬರೆದರು, ಆಮೇಲೆ ಮನಸ್ಸು ಮುರೀತು, ಅಳಿಸಿ ದುಃಖದ್ದು ಮಾಡಿದರು. ನನ್ನ ವರದಿಗೆ ನೀವೇ ಸಾಕ್ಷಿ ತಂದುಕೊಡ್ತಿದೀರಿ."

"ತಪ್ಪು ತೋರಿಸಿಲ್ಲ ಇನ್ನೂ," ಎಂದರು ನಕಲಮ್ಮ. ಮೂಗಿನ ತುದಿಯ ಸಿಟ್ಟನ್ನು ಅಲ್ಲೇ ತಡೆದುಕೊಂಡರು. "ಒಟ್ಟು ಎಂಟು ಸಾಲು. ಕೊಂಬು ಕಹಳೆ ಇಲ್ಲದ ಸಣ್ಣ ಮೇಳ. ಏಳು ಸಾಲಲ್ಲಿ ಅಳಿಸಿ ಬರೆದ ಗುರುತು ಇದೆ. ಈ ಮೂರನೇದು ಕ್ಲಾರಿನೆಟ್ ಸಾಲು. ಮುಟ್ಟಿ ನೋಡಿ, ನುಣ್ಣಗಿದೆ. ರಬ್ಬರ್ ತಾಗೇ ಇಲ್ಲ."

"ಆದ್ರೆ ಅಲ್ಲೂ ಒಂದು ಇಳಿ ಗುರುತು ಇದೆಯಲ್ಲ. ಎಲ್ಲ ಒಂದೇ ಥರ ಇದೆ."

"ಅದೇ ಮಜಾ. ಈ ಕ್ಲಾರಿನೆಟ್ಟು ಹಾಳೇಲಿ ಬರೆದದ್ದಕ್ಕಿಂತ ಕೆಳಗೆ ನುಡಿಯುತ್ತೆ. ಮೂರು ಮೆಟ್ಟಿಲು ಕೆಳಗೆ. ಅದಕ್ಕೇ ಅದರ ಸಾಲನ್ನ ನಾವು ಮೂರು ಮೆಟ್ಟಿಲು ಮೇಲೆ ಬರೀತೀವಿ, ಗುರುತೂ ಬೇರೆಯಾಗುತ್ತೆ. ಮಿಕ್ಕವರಿಗೆ ಎರಡು ಏರು ಇದ್ದಾಗ ಇದಕ್ಕೆ ಒಂದು ಇಳಿ. ಮಿಕ್ಕವರಿಗೆ ಒಂದು ಇಳಿ ಆದಾಗ ಇದಕ್ಕೆ ನಾಲ್ಕು ಇಳಿ ಆಗಬೇಕು. ಇಲ್ಲಿ ನಾಲ್ಕು ಇಲ್ಲ. ಹಳೇದೇ ಕೂತಿದೆ. ಏಳು ಜನ ಅಳ್ತಿರುವಾಗ ಇದೊಂದು ಪಕ್ಕದಲ್ಲಿ ನಿಂತು ನಗ್ತಾ ಇದೆ."

"ಮರೆತಿರಬೇಕು. ಕೈ ನಡುಗ್ತಿರುತ್ತೆ, ಕಣ್ಣಲ್ಲಿ ನೀರು..."

"ಒಂದು ಪುಟದಲ್ಲಿ ಮರೆತರೆ ಒಪ್ಕೋತೀನಿ." ನಕಲಮ್ಮ ಪುಟಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಇನ್ಸ್‌ಪೆಕ್ಟರ್ ಟೀ ಲೋಟ ಎತ್ತಿ ಜಾಗ ಮಾಡಿಕೊಟ್ಟರು. "ಎರಡರಲ್ಲಿ ಮರೆತರೂ ಒಪ್ಕೋತೀನಿ. ಹನ್ನೊಂದೂ ಪುಟದಲ್ಲಿ ಏಳೇ ಸಾಲು ತಿದ್ದಿ, ಇದೊಂದನ್ನ ಹನ್ನೊಂದು ಸಲ ಬಿಟ್ಟಿದಾರೆ. ಇದು ಮರೆವಲ್ಲ ಸಾರ್. ಇದು ಮಾತು. ನನಗೆ ಹೇಳಿರೋ ಮಾತು. ಯಾಕಂದ್ರೆ ಪ್ರತಿ ಸಾಲನ್ನೂ ಕೂತು ಓದೋಳು ನಾನೊಬ್ಬಳೇ."

"ಏನು ಮಾತು?"

"ಇದನ್ನ ನನ್ನ ಕೈಯಲ್ಲಿ ಬರೆಸಿದಾರೆ, ನಂಬಬೇಡ ಅಂತ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಆದರೆ ಪೆನ್ನನ್ನು ಜೇಬಿಗಿಡಲಿಲ್ಲ.

"ಕಾಗದದ ಮೇಲೆ ಹೇಳಿದರೆ ನನ್ನ ಮೇಲಿನವರು ನಗ್ತಾರಮ್ಮಾ. ಸಂಗೀತ ಬರದವನಿಗೂ ಕಣ್ಣಿಗೆ ಕಾಣೋ ಹಾಗೆ ಏನಾದರೂ ಇದ್ದರೆ ತೋರಿಸಿ."

"ಗಡಿಯಾರ ನೋಡೋಕೆ ಬರುತ್ತಲ್ಲ? ಅಷ್ಟು ಸಾಕು. ಏಳಿ."

*

ತಾಲೀಮಿನ ಹಾಲಿನಲ್ಲಿ ಕುರ್ಚಿಗಳು ಖಾಲಿ ಖಾಲಿಯಾಗಿದ್ದವು. ಮೇಷ್ಟ್ರು ಕಾಣೆಯಾದಾಗಿನಿಂದ ಯಾರಿಗೂ ನುಡಿಸುವ ಮನಸ್ಸಿಲ್ಲ. ಕ್ಲಾರಿನೆಟ್ ತಾತ ಮಾತ್ರ ಮೂಲೆಯಲ್ಲಿ ಕೂತು ವಾದ್ಯದ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಅರವತ್ತೆಂಟು ವಯಸ್ಸು, ಕೆನ್ನೆ ಎರಡೂ ಉಬ್ಬಿ ಉಬ್ಬಿ ಸಡಿಲವಾಗಿದ್ದವು. ಪೊಲೀಸರನ್ನು ಕಂಡದ್ದೇ ಎದ್ದು ನಿಂತುಬಿಟ್ಟರು.

"ನಾನೇನೂ ಮಾಡಿಲ್ಲಪ್ಪಾ!"

"ಮಾಡಿದೀರಿ ಅಂತ ಯಾರಂದ್ರು? ಕೂತ್ಕೊಳ್ಳಿ ತಾತ," ಎಂದು ನಕಲಮ್ಮ ಏಳನೇ ಪುಟ ಮುಂದಿಟ್ಟರು. "ಈ ಉದ್ದದ ಸ್ವರ ಊದಬೇಕು. ಮೂವತ್ತೆರಡು ಎಣಿಕೆ, ಒಂದೇ ಉಸಿರು. ಮಧ್ಯೆ ಉಸಿರು ತಗೊಳ್ಳೋ ಹಾಗಿಲ್ಲ ಅಂತ ಮೇಷ್ಟ್ರು ಮೇಲೆ ಗೆರೆ ಎಳೆದಿದಾರೆ, ನೋಡಿ."

"ಯಾವ ವೇಗ?"

"ನೆತ್ತಿ ಮೇಲೆ ಬರೆದಿದೆಯಲ್ಲ, ನಿಮಿಷಕ್ಕೆ ನಲವತ್ತು."

ತಾತ ಮೊದಲು ಹಾಳೆ ನೋಡಿದರು, ಆಮೇಲೆ ನಕಲಮ್ಮನನ್ನು. "ನನ್ನನ್ನ ಕೊಲ್ಲೋಕೆ ಪೊಲೀಸರನ್ನೂ ಜೊತೆಗೆ ಕರ್ಕೊಂಡು ಬಂದಿದೀಯೇನೇ?"

"ಊದಿ ತಾತ. ಮೇಷ್ಟ್ರಿಗೋಸ್ಕರ."

ತಾತ ಎದೆ ತುಂಬ ಉಸಿರೆಳೆದುಕೊಂಡು ಊದಿದರು. ಇನ್ಸ್‌ಪೆಕ್ಟರ್ ಕೈಗಡಿಯಾರ ಹಿಡಿದು ನಿಂತರು, ನಕಲಮ್ಮ ಮೇಜು ಕುಟ್ಟುತ್ತ ಎಣಿಸಿದರು. ಹತ್ತರ ತನಕ ಸ್ವರ ನೆಟ್ಟಗಿತ್ತು. ಹದಿನೈದಕ್ಕೆ ತಾತನ ಕಿವಿ ಕೆಂಪಾಯಿತು. ಹದಿನೆಂಟಕ್ಕೆ ಕಣ್ಣುಗುಡ್ಡೆ ಹೊರಬಂತು. ಹತ್ತೊಂಬತ್ತಕ್ಕೆ ಸ್ವರ ಒಂದು ಸಲ ಕೀಚಲಾಗಿ ಕಿರುಚಿ ಸತ್ತೇಹೋಯಿತು. ತಾತ ಕುರ್ಚಿಯ ಬೆನ್ನಿಗೆ ಒರಗಿ ಏದುಸಿರು ಬಿಡತೊಡಗಿದರು.

"ಇಪ್ಪತ್ತೊಂಬತ್ತು ಸೆಕೆಂಡು," ಎಂದರು ಇನ್ಸ್‌ಪೆಕ್ಟರ್.

"ಪೂರ್ತಿ ಊದೋಕೆ ನಲವತ್ತೆಂಟು ಬೇಕು. ನಮ್ಮ ತಾತನ ಕೈಲಿ ಆಗಲ್ಲ. ತಾತ, ಈಗ ಅದನ್ನೇ ನಿಮಿಷಕ್ಕೆ ನೂರಮೂವತ್ತು, ಇಂಥ ಕೃತಿಗೆ ಮೇಷ್ಟ್ರು ಯಾವಾಗಲೂ ಹೇಳೋ ವೇಗ."

"ಇನ್ನೂ ಇದೆಯಾ?"

"ಇದು ಸುಲಭ, ನೋಡಿ."

ನಿಜಕ್ಕೂ ಸುಲಭವಾಗಿತ್ತು. ಹದಿನೈದು ಸೆಕೆಂಡಿನಲ್ಲಿ ಸ್ವರ ಹುಟ್ಟಿ, ಬೆಳೆದು, ಮುಂದಿನ ಸಾಲಿಗೆ ದಾಟಿಕೊಂಡಿತು. ತಾತ ಅಲ್ಲಿಗೆ ನಿಲ್ಲಿಸಲೂ ಇಲ್ಲ. ಆ ವೇಗದ ರುಚಿ ಹತ್ತಿ ಪುಟದ ಕೊನೆಯವರೆಗೂ ನುಡಿಸಿಕೊಂಡು ಹೋದರು. ಖಾಲಿ ಹಾಲಿನಲ್ಲಿ ಆ ಒಂಟಿ ವಾದ್ಯ ಒಂದೊಂದೇ ಹೆಜ್ಜೆ ಊರುತ್ತ, ಎಲ್ಲೂ ಅನುಮಾನಿಸದೆ ಮೇಲೇರಿತು. ಸಾಯಲು ಹೊರಟ ಮನುಷ್ಯನ ಎದೆಯಿಂದ ಬಂದದ್ದಲ್ಲ ಅದು. ಮೂರು ದಿನದಲ್ಲಿ ಮೊದಲ ಸಲ ಮೇಷ್ಟ್ರ ದನಿ ಕೇಳಿದ ಹಾಗಾಯಿತು ನಕಲಮ್ಮನಿಗೆ.

"ಮೇಷ್ಟ್ರು ಒಬ್ಬೊಬ್ಬರ ಉಸಿರು ಎಣಿಸಿ ಬರೆಯೋರು ಸಾರ್," ಎಂದರು ತಾತ, ಬಾಯಿ ಒರೆಸಿಕೊಳ್ಳುತ್ತ. "ನನಗೆ ಅರವತ್ತು ತುಂಬಿದ ವರ್ಷ, ಇನ್ಮೇಲೆ ನಿನಗೆ ಇಪ್ಪತ್ತು ಸೆಕೆಂಡಿಗಿಂತ ಉದ್ದ ಬರೆಯಲ್ಲ ಕಣೋ ಅಂದಿದ್ದರು. ಮಾತು ತಪ್ಪಿದವರಲ್ಲ."

ಇನ್ಸ್‌ಪೆಕ್ಟರ್ ನೋಟುಪುಸ್ತಕ ತೆಗೆದರು. "ನಿಜವಾದ ತಲೆಬರಹ ಏನಿರಬೇಕಿತ್ತು, ಹೇಳಿ."

"ಶ್ರುತಿ ಡಿ ಮೇಜರ್. ವೇಗ ನೂರಮೂವತ್ತು. ಭಾವ, ದೃಢ." ನಕಲಮ್ಮ ಹಾಳೆಗಳನ್ನು ಒಟ್ಟು ಮಾಡಿದರು. "ಮೂರಕ್ಕೆ ಮೂರೂ ತಿರುಗುಮುರುಗು."

"ಸರಿ. ಯಾರೋ ಪಕ್ಕದಲ್ಲಿ ನಿಂತು ಬರೆಸಿದರು ಅಂತಿಟ್ಕೊಳ್ಳೋಣ. ಯಾರು? ಮೇಷ್ಟ್ರ ಮಗಳು ಅವರು ಕಾಣೆಯಾದ ಸಂಜೆ ಊರಲ್ಲೇ ಇರಲಿಲ್ಲ, ಪಕ್ಕದ ಊರಲ್ಲಿ ಪಿಟೀಲು ಕಚೇರಿಗೆ ಹೋಗಿದ್ದೆ ಅಂದಿದಾರೆ. ಬೆಳಗ್ಗೆ ಬಂದು ಬಾಗಿಲು ತೆಗೆದಾಗಲೇ ಅವರಿಗೆ ಗೊತ್ತಾಗಿದ್ದು."

"ಆ ಮಗುವಿನ ಸುದ್ದಿ ಬಿಡಿ, ಅತ್ತು ಅತ್ತು ಅರ್ಧ ಆಗಿದಾಳೆ. ಮೇಷ್ಟ್ರ ಮೇಲೆ ಹಲ್ಲು ಮಸೀತಿದ್ದೋರು ಈ ಕಟ್ಟಡದಲ್ಲೇ ಇದಾರೆ." ನಕಲಮ್ಮ ಚಾವಣಿಯತ್ತ ಕಣ್ಣು ಮಾಡಿದರು. "ಮೇಲಿನ ಮಹಡಿ. ಕಡ್ಡಿಯವರು."

ತಾತ ತಟ್ಟನೆ ತಲೆ ತಗ್ಗಿಸಿ ಮತ್ತೆ ಎಣ್ಣೆ ಬಿಡತೊಡಗಿದರು.

*

ಕೈಯಲ್ಲಿ ಕಡ್ಡಿ ಹಿಡಿದು ವಾದ್ಯವೃಂದವನ್ನು ನಡೆಸುವವರಾದ್ದರಿಂದ ಅವರು ಕಡ್ಡಿಯವರು. ಎದುರಿಗೆ ಮಾತ್ರ ಎಲ್ಲರೂ ಸಾರ್ ಎನ್ನುತ್ತಿದ್ದರು. ಕೋಣೆಯಲ್ಲಿ ಆಳೆತ್ತರದ ಕನ್ನಡಿ, ಒಂದು ಪಿಯಾನೊ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಹನ್ನೆರಡು ಕಡ್ಡಿ.

"ನಕಲಮ್ಮಾ, ಅಪ್ಪಣೆ ಇಲ್ಲದೆ ಒಳಗೆ ಬರಬೇಡಿ ಅಂತ ಎಷ್ಟು ಸಲ..." ಎಂದವರು ಹಿಂದಿದ್ದ ಖಾಕಿ ಕಂಡು ಮಾತು ನುಂಗಿದರು.

ನಕಲಮ್ಮ ಬಾಗಿಲು ಮುಚ್ಚಿದರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಆಕೆಗಿಲ್ಲ.

"ಎರಡು ವಾರದ ಹಿಂದೆ ಎಲ್ಲರ ಮುಂದೆ ಮೇಷ್ಟ್ರು ನಿಮಗೆ ಏನಂದ್ರು?"

ಕಡ್ಡಿಯವರ ಮುಖ ಹುಳ್ಳಗಾಯಿತು. "ಅದೀಗ ಯಾಕೆ?"

"ನನ್ನ ಹೊಸ ಕೃತಿಗೆ ನೀನು ಕಡ್ಡಿ ಎತ್ತಬೇಡ, ನಿನಗೆ ಕನ್ನಡಿ ಬಿಟ್ಟು ಬೇರೇನೂ ಕಾಣಲ್ಲ ಅಂದರು. ನಲವತ್ತು ಜನ ಕೇಳಿಸಿಕೊಂಡರು. ನೀವು ಬಾಗಿಲು ಧಡಾರನೆ ಹಾಕಿ ಹೋದಿರಿ. ಆ ಸಂಜೆ ಎಲ್ಲಿದ್ರಿ?"

"ಎರಡು ವಾರದ ಹಿಂದಾ?"

"ಮೂರು ದಿನದ ಹಿಂದೆ!"

"ಮನೆಯಲ್ಲಿ. ಒಬ್ಬನೇ. ಇನ್ಸ್‌ಪೆಕ್ಟರ್, ಇದೇನಿದು? ನಕಲು ಬರೆಯೋರು ನನ್ನನ್ನ ವಿಚಾರಣೆ ಮಾಡ್ತಾರಾ?"

"ನನಗೂ ಕೇಳಬೇಕು ಅನ್ನಿಸ್ತಿದೆ ಸಾರ್, ಮುಂದುವರೀಲಿ," ಎಂದು ಇನ್ಸ್‌ಪೆಕ್ಟರ್ ಪಿಯಾನೊದ ಸ್ಟೂಲಿನ ಮೇಲೆ ಕೂತರು.

ನಕಲಮ್ಮ ಹಾಳೆಗಳನ್ನು ಪಿಯಾನೊದ ಮೇಲಿಟ್ಟು ಕ್ಲಾರಿನೆಟ್ ಸಾಲಿನ ಮೇಲೆ ಬೆರಳೊತ್ತಿದರು.

"ಮೇಷ್ಟ್ರನ್ನ ಮೇಜಿನ ಮುಂದೆ ಕೂರಿಸಿ ಇದನ್ನ ಬರೆಸಿದ್ದು ನೀವು. ಡಿ ಮೇಜರ್ ಅಳಿಸಿ ಮೈನರ್ ಮಾಡಿಸಿದಿರಿ. ನೆತ್ತಿ ಮೇಲೆ ಶೋಕ, ವಿದಾಯ ಅಂತ ಬರೆಸಿದಿರಿ. ಪೊಲೀಸರು ತೋರಿಸಿದಾಗ, ಹೌದು, ಇದು ಸಾವಿನ ಸಂಗೀತ ಅಂತ ಸಾಕ್ಷೀನೂ ಹೇಳಿದಿರಿ. ಆದ್ರೆ ಒಂದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಈ ಸಾಲಲ್ಲಿ ಮೊದಲೇ ಒಂದು ಇಳಿ ಇತ್ತು. ಮೇಲಿಂದ ಕೆಳಗೆ ಕಣ್ಣಾಡಿಸಿ, ಎಲ್ಲ ಕಡೆ ಒಂದೊಂದು ಇಳಿ ಇದೆ, ಸರಿ ಅಂದ್ಕೊಂಡಿರಿ. ಇಲ್ಲಿ ನಾಲ್ಕು ಬೇಕು ಅಂತ ನಿಮಗೆ ಹೊಳೀಲೇ ಇಲ್ಲ."

ಕಡ್ಡಿಯವರ ಕತ್ತಿನ ನರ ಉಬ್ಬಿತು. ಆಮೇಲೆ ಸಿಡಿದರು ನೋಡಿ!

"ಏನಂದ್ರಿ? ನನಗೆ ಹೊಳೀಲಿಲ್ವಾ? ನನಗಾ? ಕೊಲೆಗಾರ ಅನ್ನಿ, ಕೇಳಿಸ್ಕೋತೀನಿ. ಅಪಹರಣಕಾರ ಅನ್ನಿ, ಅದನ್ನೂ ಕೇಳಿಸ್ಕೋತೀನಿ. ಮೂವತ್ತು ವರ್ಷ ಕಡ್ಡಿ ಹಿಡಿದೋನು ನಾನು! ಕ್ಲಾರಿನೆಟ್ಟಿಗೆ ನಾಲ್ಕು ಇಳಿ ಬೇಕು ಅಂತ ಗೊತ್ತಿಲ್ಲದ ಮುಟ್ಠಾಳ ಅಂತ ಮಾತ್ರ ಅನ್ನಬೇಡಿ!"

ಇನ್ಸ್‌ಪೆಕ್ಟರ್ ಕೆಮ್ಮಿ ನಗು ಮುಚ್ಚಿಕೊಂಡರು. ಕಡ್ಡಿಯವರು ಅವರನ್ನು ಸ್ಟೂಲಿನಿಂದ ಹೆಚ್ಚುಕಡಿಮೆ ತಳ್ಳಿಯೇ ಬಿಟ್ಟು ಪಿಯಾನೊ ಮುಂದೆ ಕೂತರು.

"ಕೇಳಿ! ಎಂಟೂ ಸಾಲು ಸೇರಿಸಿ, ಇಲ್ಲಿ ಬರೆದ ಹಾಗೇ ನುಡಿಸ್ತೀನಿ."

ಎರಡು ಕೈ ಬಿದ್ದದ್ದೇ ತಡ, ಮೂವರ ಹಲ್ಲೂ ಜುಮ್ಮೆಂದಿತು. ಸಂಗೀತ ಬಾರದ ಇನ್ಸ್‌ಪೆಕ್ಟರ್ ಕೂಡ ಕಿವಿಗೆ ಕೈ ಹಚ್ಚಿದರು. ಏಳು ಸಾಲು ಒಂದು ಕಡೆ ಎಳೆದರೆ ಕ್ಲಾರಿನೆಟ್ ಸಾಲು ಇನ್ನೊಂದು ಕಡೆ ಎಳೆಯುತ್ತಿತ್ತು.

"ಮೊನ್ನೆ ನಿಮ್ಮ ಸ್ಟೇಷನ್ನಿನಲ್ಲಿ ಹಾಳೆ ನೋಡಿದ ಮರುಗಳಿಗೆ ನನ್ನ ತಲೆಯೊಳಗೆ ಈ ಸದ್ದು ಕೇಳಿಸ್ತು. ಪುಟ ತಿರುವಿದೆ, ಮತ್ತೆ ಅದೇ."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?" ಎಂದರು ಇನ್ಸ್‌ಪೆಕ್ಟರ್. ನಗು ಮಾಯವಾಗಿತ್ತು.

ಕಡ್ಡಿಯವರ ಕೈ ಪಿಯಾನೊದ ಮೇಲೆ ಹಾಗೇ ನಿಂತಿತು. ಕನ್ನಡಿಯ ಕಡೆ ನೋಡದೆ ಅವರು ಮಾತಾಡಿದ್ದನ್ನು ನಕಲಮ್ಮ ಕಂಡದ್ದು ಅದೇ ಮೊದಲು.

"ಬರಹ ಅವರದ್ದೇ ಇತ್ತು. ಅಷ್ಟು ಕುಸಿದಿದ್ದರಾ, ಕಲಿಯೋ ಮಕ್ಕಳು ಮಾಡೋ ತಪ್ಪು ಮಾಡೋ ಅಷ್ಟು ಅಂತ ಹೊಟ್ಟೆ ಉರೀತು. ನನಗೆ ಕಡ್ಡಿ ಹಿಡಿಯೋದು ಕಲಿಸಿದವರು ಅವರು. ಬೈದಿರಬಹುದು, ಬೈಯೋ ಹಕ್ಕು ಇತ್ತು. ಅವರ ಕೊನೇ ಹಾಳೆಯಲ್ಲಿ ಇಂಥ ತಪ್ಪಿತ್ತು ಅಂತ ಊರೆಲ್ಲ ಆಡಿಕೊಳ್ಳೋದು ನನಗೆ ಬೇಕಿರಲಿಲ್ಲ. ನಾನೇ ಸದ್ದಿಲ್ಲದೆ ತಿದ್ದಿ ನುಡಿಸೋಣ ಅಂತಿದ್ದೆ."

ನಕಲಮ್ಮ ಪೆಚ್ಚಾದರು. ಮೂರು ದಿನದಿಂದ ಈ ಮನುಷ್ಯನ ಮೇಲೆ ಕಟ್ಟಿಕೊಂಡಿದ್ದ ಕೋಪವನ್ನೆಲ್ಲ ಈಗ ಎಲ್ಲಿಡುವುದೋ ತಿಳಿಯಲಿಲ್ಲ. ಸುಳ್ಳು ಹೇಳುವ ಮುಖವಲ್ಲ ಅದು. ಅಹಂಕಾರಿ ಹೌದು, ಸುಳ್ಳ ಅಲ್ಲ.

"ಅವರು ತಪ್ಪು ಮಾಡಿಲ್ಲ ಸಾರ್," ಎಂದರು ಮೆಲ್ಲಗೆ. "ಬೇಕಂತಲೇ ಬಿಟ್ಟಿದಾರೆ."

ಕಡ್ಡಿಯವರು ಹಾಳೆ ನೋಡಿದರು. ಪುಟ ತಿರುವಿದರು, ಇನ್ನೊಂದು, ಮತ್ತೊಂದು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡರು. "ಎರಡು ದಿನ ವ್ಯರ್ಥ ಮಾಡಿಬಿಟ್ಟೆ."

ಇನ್ಸ್‌ಪೆಕ್ಟರ್ ಎದ್ದು ಕೋಣೆಯ ಉದ್ದಕ್ಕೂ ಎರಡು ಸಲ ನಡೆದರು.

"ಹಾಗಾದ್ರೆ ಲೆಕ್ಕ ಹೀಗೆ. ಪಕ್ಕದಲ್ಲಿ ನಿಂತವರಿಗೆ ಸಂಗೀತ ಬರುತ್ತೆ. ಇಲ್ಲದಿದ್ದರೆ ಗುರುತು ಬದಲಾಯಿಸಿ ಅನ್ನೋಕೇ ತಿಳೀತಿರಲಿಲ್ಲ. ಆದ್ರೆ ಕ್ಲಾರಿನೆಟ್ ವಿಷಯ ಗೊತ್ತಿಲ್ಲ. ಅಂಥವರು ಎಷ್ಟು ಜನ ಇದಾರೆ ಇಲ್ಲಿ?"

"ಬೇಕಾದಷ್ಟು," ಎಂದರು ನಕಲಮ್ಮ. "ತಮ್ಮ ಸಾಲು ಬಿಟ್ಟು ಪಕ್ಕದವರ ಸಾಲು ಯಾರೂ ನೋಡಲ್ಲ. ನೋಡೋ ಹಾಗಿಲ್ಲದ ಹಾಗೆ ಬೇರೆ ಬೇರೆ ಬರೆದು ಕೊಡೋಳೇ ನಾನು."

"ಇನ್ನೊಂದು ಮಾತು. ಆ ಕಾಲುವೆಗೆ ಕೆಳಗಡೆ ಕಬ್ಬಿಣದ ಜಾಲರಿ ಇದೆ. ಬಿದ್ದದ್ದೆಲ್ಲ ಎರಡನೇ ದಿನಕ್ಕೆ ಅಲ್ಲಿಗೆ ಬಂದು ನಿಲ್ಲಬೇಕು. ಸತ್ತ ನಾಯಿ ಬಂದು ನಿಂತಿತು, ಯಾರದೋ ಚಪ್ಪಲಿ ಬಂದು ನಿಂತವು. ಮೇಷ್ಟ್ರು ಬರಲಿಲ್ಲ. ನನಗೂ ಎಲ್ಲೋ ಚುಚ್ಚುತ್ತಾ ಇತ್ತು." ಅವರು ಕಡ್ಡಿಯವರ ಮೇಜಿನ ಮೇಲಿದ್ದ ಫೋನ್ ಎತ್ತಿಕೊಂಡರು. "ಹಲೋ. ಹೂಂ, ನಾನೇ. ಕಾಲುವೆಯವರಿಗೆ ಮೇಲೆ ಬರೋಕೆ ಹೇಳು. ಇಲ್ಲ, ಫೈಲು ಮುಚ್ತಿಲ್ಲ. ನೀರಲ್ಲಿ ಹುಡುಕೋದು ಬಿಟ್ಟು ನೆಲದ ಮೇಲೆ ಹುಡುಕಿ. ಜೀವಂತ ಇರೋ ಮನುಷ್ಯನ್ನ."

ಜೀವಂತ! ಆ ಒಂದು ಮಾತು ಕೇಳಲು ಮೂರು ದಿನ ಕಾದಿದ್ದರು ನಕಲಮ್ಮ. ಅಲ್ಲಿಯವರೆಗೆ ತಡೆದಿದ್ದ ಕಣ್ಣೀರು ಈಗ ತಾನಾಗಿ ಇಳಿಯಿತು. ಸೆರಗಿನಲ್ಲಿ ಒರೆಸಿಕೊಂಡು ಚೀಲ ಎತ್ತಿದರು.

"ಎಲ್ಲಿಗೆ ಹೊರಟಿರಿ?"

"ಮೇಷ್ಟ್ರ ಮನೆಗೆ. ಆ ಮಗುವಿಗೆ ಮೊದಲು ಹೇಳಬೇಕು. ಅಪ್ಪ ಸತ್ತರು ಅಂದ್ಕೊಂಡು ಕೂತಿದಾಳೆ."

"ಸಂಜೆ ಐದಕ್ಕೆ ಸ್ಟೇಷನ್ನಿಗೆ ಬನ್ನಿ. ಪಟ್ಟಿ ಮಾಡೋಣ."

*

ಬಾಗಿಲು ತೆಗೆದ ಮಗಳ ಕಣ್ಣು ಊದಿಕೊಂಡಿದ್ದವು. ಪಿಟೀಲು ಸೋಫಾದ ಮೇಲೆ ಪೆಟ್ಟಿಗೆಯಿಂದ ಹೊರಗೇ ಬಿದ್ದಿತ್ತು. ಮಧ್ಯಾಹ್ನದ ಬಿಸಿಲು ಎರಚಿದ್ದರೂ ಕಿಟಕಿಯ ಪರದೆಗಳನ್ನು ಎಳೆದಿದ್ದಳು.

"ಬನ್ನಿ ಅತ್ತೆ," ಎಂದಳು ದನಿಯಿಲ್ಲದೆ.

ರಕ್ತಸಂಬಂಧದ ಅತ್ತೆಯೇನಲ್ಲ. ಆದರೆ ತಾಯಿಯಿಲ್ಲದ ಈ ಹುಡುಗಿಗೆ ಜಡೆ ಹೆಣೆದವರು, ಮೊದಲ ಪಿಟೀಲಿನ ಪೆಟ್ಟಿಗೆಗೆ ಬಟ್ಟೆ ಹೊಲಿದುಕೊಟ್ಟವರು ನಕಲಮ್ಮ. ಮೇಷ್ಟ್ರು ಬರೆಯುತ್ತ ಕೂತ ಎಷ್ಟೋ ಸಂಜೆ ಈ ಮಗು ನಕಲಮ್ಮನ ಮಡಿಲಲ್ಲೇ ನಿದ್ದೆ ಹೋಗುತ್ತಿತ್ತು.

"ಅಳಬೇಡ ಪುಟ್ಟೀ. ಕೂತ್ಕೋ. ಒಳ್ಳೇ ಸುದ್ದಿ ತಂದಿದೀನಿ." ಆಕೆ ಅವಳ ಎರಡೂ ಕೈ ಹಿಡಿದುಕೊಂಡರು. ಕೈ ತಣ್ಣಗಿತ್ತು. "ನಿಮ್ಮಪ್ಪ ಸತ್ತಿಲ್ಲ ಕಣೇ. ಸಾಯೋಕೂ ಹೋಗಿಲ್ಲ. ಯಾರೋ ಹೆದರಿಸಿ ಅದನ್ನ ಬರೆಸಿದಾರೆ. ಪೊಲೀಸರೂ ಒಪ್ಪಿಕೊಂಡರು."

ಮಗಳ ತುಟಿ ಬಿಳಿಚಿಕೊಂಡವು.

"ಎಷ್ಟು ಜಾಣರು ಗೊತ್ತಾ ನಿಮ್ಮಪ್ಪ! ಎಲ್ಲ ಸಾಲನ್ನೂ ಮೈನರಿಗೆ ತಿದ್ದಿ, ಕ್ಲಾರಿನೆಟ್ಟನ್ನ ಮಾತ್ರ ಮೇಜರಿನಲ್ಲೇ ಬಿಟ್ಟಿದಾರೆ. ಹನ್ನೊಂದೂ ಪುಟದಲ್ಲಿ. ಎದುರಿಗಿದ್ದ ಪಾಪಿಗೆ ಅದು ಗೊತ್ತೇ ಆಗಿಲ್ಲ. ಅಲ್ಲಿ ನಾಲ್ಕು ಇಳಿ ಬರಬೇಕಿತ್ತು, ನೋಡು."

"ನಾಲ್ಕಾ?" ಹುಡುಗಿ ತಲೆ ಎತ್ತಿದಳು. ಹುಬ್ಬು ಗಂಟಿಕ್ಕಿತ್ತು. ಎಲ್ಲೋ ಇದ್ದ ಮನಸ್ಸು ತಾನಾಗಿ ಬಾಯಿಗೆ ಬಂದಂತೆ ಅಂದುಬಿಟ್ಟಳು: "ಆದ್ರೆ ಆ ಸಾಲಲ್ಲಿ ಆಗಲೇ ಒಂದಿದೆ, ಅದನ್ನ ಮುಟ್ಟೋದು ಬೇಡ ಅಂತ ಅಪ್ಪನೇ ಅಂದ್ರಲ್ಲ..."

ಮಾತು ಅಲ್ಲಿಗೇ ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಡಿದ ಮಾತನ್ನು ಇಬ್ಬರೂ ಕೇಳಿಸಿಕೊಂಡಿದ್ದರು.

ಆ ಸಂಜೆ ಊರಲ್ಲೇ ಇರಲಿಲ್ಲ ಎಂದಿದ್ದಳಲ್ಲ ಇವಳು!

ಬೇರೆ ಯಾರು ಬೇಕಾದರೂ ಆಗಿರಲಿ, ಇವಳು ಬೇಡ ಎಂದು ನಕಲಮ್ಮ ಒಳಗೇ ಅಂಗಲಾಚಿದರು. ಯಾರಿಗೆ ಅಂಗಲಾಚಿದರೋ ಅವರಿಗೇ ಗೊತ್ತಿಲ್ಲ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಗಂಡಸಿನ ಕೆಮ್ಮು. ಇಪ್ಪತ್ತೆರಡು ವರ್ಷ ಮೇಷ್ಟ್ರ ಕೆಮ್ಮು ಕೇಳಿದ ಕಿವಿ ಅದು. ಇದು ಅವರದ್ದಲ್ಲ.

ಹುಡುಗಿ ಕೈ ಕಿತ್ತುಕೊಂಡಳು. ಕಣ್ಣಲ್ಲಿ ಅಳುವಿರಲಿಲ್ಲ, ಭಯವಿತ್ತು.

"ಅತ್ತೆ, ದಮ್ಮಯ್ಯ ಅಂತೀನಿ, ಎದ್ದು ಹೋಗಿಬಿಡಿ," ಎಂದು ಪಿಸುಗುಟ್ಟಿದಳು. "ನಾನು ಏನೂ ಅನ್ನಲಿಲ್ಲ, ನೀವು ಏನೂ ಕೇಳಲಿಲ್ಲ. ಒಬ್ಬರೇ ಬಂದಿದೀರಾ?"

ಒಳಗೆ ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆಗಳು ಬಾಗಿಲಿನತ್ತ ಬರತೊಡಗಿದವು.

ನಕಲಮ್ಮ ಏಳಲಿಲ್ಲ. ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಬ್ಬಳೇ ಬಂದಿದೀನಿ," ಎಂದರು, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಇಬ್ಬರಾಗಿ ಹೋಗ್ತೀನಿ. ಹೇಳು, ನಿಮ್ಮಪ್ಪ ಎಲ್ಲಿ?"